ಫ್ಯಾಕ್ಸಿನ ಖಾನೆ

ಬೇಕು ಅಥವಾ ಬೇಡ, ಎರಡರಲ್ಲಿ ಒಂದನ್ನು ಸಂಜೆ ಆಫೀಸು ಮುಚ್ಚುವುದರೊಳಗೆ ಮಾಂತೇಶ ಹೇಳಬೇಕಾಗಿತ್ತು. ಇಷ್ಟು ಸಣ್ಣ ಮಾತಿಗೆ ಬೆಳಿಗ್ಗೆಯಿಂದ ನಾಲಿಗೆ ಯಾಕೆ ಹೀಗೆ ತೊಡರುತ್ತಿದೆ ಎಂದು ಅವನಿಗೇ ಸೋಜಿಗವಾಗಿತ್ತು. ಯಲಬುರ್ಗಾದ ಈ ರೈತರ ಬೀಜದ ಸಂಘಕ್ಕೆ ಅವನು ಕಾರ್ಯದರ್ಶಿಯಾಗಿ ಬಂದಾಗ ಕಂಪ್ಯೂಟರು ಆಗಲೇ ಒಳಕೋಣೆಯ ಮೂಲೆಯಲ್ಲಿ ಕೂತಿತ್ತು, ಅದರೊಳಗೆ ಸಾಫ್ಟ್‌ವೇರು ಕೂತಿತ್ತು. ಎರಡನ್ನೂ ಯಾರೂ ಎಬ್ಬಿಸಿ ಬದಲಿಸುವ ಗೋಜಿಗೆ ಹೋಗಿರಲಿಲ್ಲ. ಗಂಗಾವತಿಯ ಅಬ್ದುಲರೌಫ ಎಂಬಾತ ಯಾವುದೋ ಗೊಬ್ಬರದಂಗಡಿಗೆ ಮಾಡಿಕೊಟ್ಟದ್ದನ್ನೇ ಅಷ್ಟಿಷ್ಟು ತಿದ್ದಿ ಇವರಿಗೂ ಹಾಕಿಕೊಟ್ಟಿದ್ದ. ಅದು ನಿಂತರೆ ಅವನಿಗೆ ಫೋನು ಮಾಡಬೇಕು, ಅವನು ಬಂದ್ ಮಾಡಿ ಚಾಲೂ ಮಾಡ್ರಿ ಅನ್ನಬೇಕು, ಹಾಗೆ ಮಾಡಿದರೆ ಅದು ನಡೆಯಬೇಕು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಈಗ ಅಬ್ದುಲರೌಫನೇ, "ಸಾಕ್ರಿ ಸರ, ಅದಕ್ಕೂ ವಯಸ್ಸಾತು, ನನಗೂ ವಯಸ್ಸಾತು. ಹೊಸಾದ್ ಹಾಕಸ್ರಿ" ಎಂದು ಕೈ ತೊಳೆದುಕೊಂಡಿದ್ದ. ಕೊಪ್ಪಳದ ಒಂದು ಕಂಪನಿಯವರು ಹೊಸದನ್ನು ಒಂದು ತಿಂಗಳು ಪುಕ್ಕಟೆ ನಡೆಸಿ ನೋಡ್ರಿ ಅಂದಿದ್ದರು. ಆ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಅಧ್ಯಕ್ಷ ಕುಬೇರಪ್ಪನವರನ್ನು ಕೇಳಿದರೆ ಅವರು ಫೋನಿನಲ್ಲೇ ಆಕಳಿಸಿ, "ನನಗೇನ್ ತಿಳೀತೈತಿ ಮಾಂತೇಶ, ನೀ ಹೆಂಗಂತಿ ಹಂಗ" ಅಂದಿದ್ದರು. ದೊಡ್ಡವರು ಹೀಗೆ ಅಂದರೆ ಅದು ವಿಶ್ವಾಸವೋ, ನಾಳೆ ಹೆಚ್ಚುಕಮ್ಮಿಯಾದರೆ ಇನ್ನೊಬ್ಬನ ಕೊರಳಿಗೆ ಹಾಕಲು ಹೊಸೆದಿಟ್ಟ ಹಗ್ಗವೋ ಎಂಬುದು ಸಂಬಳಕ್ಕೆ ಇರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬಿತ್ತನೆಗೆ ಕಾಯುವ ಮಿರಗದ ಮಳೆ ಛಲೋ ಹೊಡೆದು ನಿಂತಿತ್ತು. ಎರಿ ಹೊಲದ ಕರಿಮಣ್ಣು ಕಾಲಿಗೆ ಅಂಟುವುದು ಬಿಟ್ಟು ಕೂರಿಗೆಗೆ ಹದವಾಗುವ ಹೊತ್ತು. ಸಜ್ಜೆ ಬೀಜದ ಪಾಕೀಟಿಗೆ ಮಂದಿ ಬೆಳಕು ಹರಿಯುವ ಮೊದಲೇ ಬಂದು, ನಿಂತು ಸಾಕಾದವರು ಚಪ್ಪಲಿಗಳನ್ನೇ ಪಾಳಿಗೆ ಹಚ್ಚಿ ಕಟ್ಟೆಯ ಮೇಲೆ ಕೂತಿದ್ದರು. ಹನುಮಣ್ಣ ಪಾಳಿಯಲ್ಲಿ ನಿಲ್ಲುವ ಆಸಾಮಿಯಲ್ಲ. ಮಾಂತೇಶನ ಜೊತೆ ಚಹಾ ಕುಡಿಯುವ ಸಲಿಗೆಯವನು, ಬಗಲ ಬಾಗಿಲಿನಿಂದ ಒಳಗೆ ಬಂದು, "ಸೆಕ್ರೆಟ್ರಿ ಸಾಹೇಬ್ರ, ನಂದೂ ಕೊಡ್ರಿ, ನಮ್ಮ ಗಂಡಬಿಟ್ಟಾಕೀದೂ ಕೊಡ್ರಿ. ಹಸಿ ಆರಿತಂದ್ರ ಅದು ಯಾರ ಮುಲಾಜಿಗೂ ನಿಲ್ಲಂಗಿಲ್ಲ" ಅಂದ. ಮಾಂತೇಶ ತಲೆ ಎತ್ತದೆಯೇ ಒಳಕೋಣೆಯ ಕಡೆ, "ರೇಣುಕಾ, ಹನುಮಣ್ಣಂದು ಹಚ್ಚು, ಗಂಡಬಿಟ್ಟಾಕಿ ದುರಗಮ್ಮಂದೂ ಹಚ್ಚು" ಎಂದು ಕೂಗಿದ. ಒಳಗೆ ಕಂಪ್ಯೂಟರಿನ ಮುಂದೆ ಕೂತ ಸಂಘದ ಗುಮಾಸ್ತೆ ರೇಣುಕಾ ಎರಡೂ ಹೆಸರು ಹಚ್ಚಿದಳು. ಹೋದ ವರ್ಷವೂ ಹಾಗೇ, ಅದರ ಹಿಂದಿನ ವರ್ಷವೂ ಹಾಗೇ. ದುರಗಮ್ಮ ಹನುಮಣ್ಣನ ತಮ್ಮನ ಹೆಂಡತಿ. ತಮ್ಮ ಇನ್ನೊಬ್ಬಳನ್ನು ಕಟ್ಟಿಕೊಂಡು ಕಾರಟಗಿ ಕಡೆ ಹೋಗಿಬಿಟ್ಟ ಮೇಲೆ ಪಂಚರು ಕೂತು ಒಂದಿಷ್ಟು ಹೊಲವನ್ನು ಅವಳ ಪಾಲಿಗೆ ಬಿಡಿಸಿದ್ದರು. ಹೊಲದ ಬೆನ್ನಿಗೆ ಸಂಘದ ಸದಸ್ಯತ್ವವೂ ಅವಳ ಹೆಸರಿಗೆ ಬಂದಿತ್ತು. ಹೊಲ ಅವಳದು, ಬೀಜ ಒಯ್ಯುವವನು ಹನುಮಣ್ಣ. ಅವಳ ಬೀಜ ಯಾರ ಹೊಲದಲ್ಲಿ ಮೊಳೆಯುತ್ತದೆ ಎಂದು ಇಲ್ಲಿ ಕೂತವರು ಹೋಗಿ ನೋಡುವುದುಂಟೆ? ಊಟದ ಹೊತ್ತಿಗೆ ಸ್ಟಾಕು ಮುಗಿಯಿತು, ಸಿಗದವರು ಒದರಾಡಿದರು, ಮಾಂತೇಶನ ಮನೆತನವನ್ನೆಲ್ಲ ಒಮ್ಮೆ ನೆನೆದು, ಪೇಟೆಯ ಅಂಗಡಿಗಳ ಕಡೆ ಹೋದರು.

ಅಬ್ದುಲರೌಫನ ಸಾಫ್ಟ್‌ವೇರಿನಲ್ಲಿ ಒಂದು ಖಾನೆ ಇತ್ತು, ಫ್ಯಾಕ್ಸ್ ನಂಬರು ಅಂತ. ಗೊಬ್ಬರದಂಗಡಿಗೆ ಅದು ಏತಕ್ಕೆ ಬೇಕಿತ್ತೋ ದೇವರಿಗೇ ಗೊತ್ತು. ಈ ಸಂಘದ ಸದಸ್ಯರಲ್ಲಂತೂ ಫ್ಯಾಕ್ಸ್ ಯಂತ್ರವನ್ನು ಕಣ್ಣಿಂದ ಕಂಡವನು ಒಬ್ಬನೂ ಇರಲಿಲ್ಲ. ಆದರೆ ಖಾನೆ ಖಾಲಿ ಬಿಟ್ಟರೆ ಆ ಹಳೇ ಸಾಫ್ಟ್‌ವೇರು ಮುಂದಕ್ಕೆ ಹೋಗುತ್ತಿರಲಿಲ್ಲ, ಹಠದ ಎತ್ತು. ಮೊದಮೊದಲು ಸೊನ್ನೆ ಹಾಕುತ್ತಿದ್ದರು. ಆಮೇಲೆ ಸೊನ್ನೆಗಿಂತ ಉಪಯೋಗದ್ದು ಹೊಳೆಯಿತು. ಇಲ್ಲಿ ಯಾವ ಊರಿಗೆ ಹೋದರೂ ಹನುಮಪ್ಪ ತಂದೆ ದುರಗಪ್ಪ, ದುರಗಪ್ಪ ತಂದೆ ಹನುಮಪ್ಪ. ಅಜ್ಜನ ಹೆಸರು ಮೊಮ್ಮಗನಿಗೆ, ಹುಲಿಗೆಮ್ಮ ದೇವಿಯ ಹೆಸರು ಮನೆಗೊಬ್ಬಳಿಗೆ. ಫೋನು ನಂಬರು ನೋಡಿ ಗುರುತು ಹಿಡಿಯೋಣವೆಂದರೆ ಅಣ್ಣತಮ್ಮಂದಿರೆಲ್ಲ ಒಂದೇ ನಂಬರು ಕೊಟ್ಟಿರುತ್ತಾರೆ. ಅದಕ್ಕೆ ಊರು ಕರೆಯುವ ಹೆಸರನ್ನೇ ಫ್ಯಾಕ್ಸಿನ ಖಾನೆಯಲ್ಲಿ ಹೊಡೆಯುವ ರೂಢಿ ಬಿತ್ತು. ಕುಂಟ. ಕೆಂಚ. ರೇಡಿಯೋ. ಹಾವು ಕಡದಾಂವ. ಯೌವನದಲ್ಲಿ ಒಮ್ಮೆ ಮುಂಬೈಗೆ ಹೋಗಿ ಅಳುತ್ತ ವಾಪಸು ಬಂದಿದ್ದ ಮುದುಕನಿಗೆ ಬಾಂಬೆ. ಎರಡನೇ ಸಂಬಂಧದವನು. ಗಂಡಬಿಟ್ಟಾಕಿ. ರಸೀದಿಯ ಮೇಲೆ ಫ್ಯಾಕ್ಸಿನ ಖಾನೆ ಅಚ್ಚಾಗುತ್ತಿರಲಿಲ್ಲ, ಹಾಗಾಗಿ ಯಾರ ಮರ್ಯಾದೆಗೂ ಧಕ್ಕೆಯಿರಲಿಲ್ಲ. ಕೆಲಸ ಸುಲಭವಾಗಿತ್ತು, ಸುಲಭವಾದದ್ದಕ್ಕೆ ಯಾರೂ ಕೆಟ್ಟ ಹೆಸರಿಡುವುದಿಲ್ಲ.

ಹೊಸದರಲ್ಲಿ ಫ್ಯಾಕ್ಸ್ ಇರಲಿಲ್ಲ. ಹಳೆಯದರಿಂದ ಎಲ್ಲವನ್ನೂ ಹೊಸದಕ್ಕೆ ಎಳೆದುಕೊಳ್ಳುವಾಗ ಫ್ಯಾಕ್ಸಿನ ಖಾನೆಯ ಅಕ್ಷರಗಳು ಕರೆಯುವ ಹೆಸರು ಎಂಬ ಖಾನೆಗೆ ಬಂದು ಕೂತವು. ಅಷ್ಟಾಗಿದ್ದರೆ ಅಡ್ಡಿಯಿರಲಿಲ್ಲ. ಅದು ಪ್ರತಿಯೊಬ್ಬ ಸದಸ್ಯನ ಫೋನಿಗೂ ಮೆಸೇಜು ಕಳಿಸುವ ಸಾಫ್ಟ್‌ವೇರು. ರೇಣುಕಾ ನಮೂನೆಗೆ ಒಂದನ್ನು ತೆರೆದು ತೋರಿಸಿದ್ದಳು: ಮಾನ್ಯ ಕುಂಟ ಹನುಮಪ್ಪ ಅವರೇ, ತಮ್ಮ ಪಾಲಿನ ಬೀಜವನ್ನು ಪಡೆದುಕೊಳ್ಳಲು ಕೋರಲಾಗಿದೆ. ಬಾಯಿಗೆ ಸೆರಗು ಹಿಡಿದು ನಕ್ಕವಳು, ಮಾಂತೇಶ ನಗದಿದ್ದುದನ್ನು ಕಂಡು, "ಅಲ್ರಿ ಸರ, ಮಾನ್ಯ ಅಂದೈತಲ್ರಿ ಮತ್ತ" ಅಂದಳು. ಅವನು ನಗಬೇಕೆಂದಿದ್ದ. ಆ ಹೊತ್ತಿಗೆ ಅವನ ತಲೆಯಲ್ಲಿ ಕಂಪನಿಯವರು ಕೊಪ್ಪಳದಲ್ಲಿ ಕೊಟ್ಟ ತರಬೇತಿ ಓಡುತ್ತಿತ್ತು. ಲಾಡ್ಜಿನ ಹಾಲಿನಲ್ಲಿ ಏಸಿ ಹಾಕಿ, ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟು, ಕಂಪನಿಯ ಶ್ವೇತಾ ಎಂಬ ಹುಡುಗಿ ಒಬ್ಬೊಬ್ಬರನ್ನೇ ಮುಂದೆ ಕರೆದು ಮಾಡಿಸುತ್ತಿದ್ದಳು. ಇವನು ಹಳೇ ರೂಢಿಯಂತೆ ಎಲ್ಲವನ್ನೂ ಎರಡೆರಡು ಸಲ ಒತ್ತುತ್ತಿದ್ದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಿಟಕಿಯ ಮೇಲೆ ಕಿಟಕಿ ತೆರೆದುಕೊಂಡು ಒಟ್ಟಾದವು. "ಅಂಕಲ್, ಒಮ್ಮೆ ಸಾಕ್ರಿ, ಒಮ್ಮೆ" ಎಂದು ಅವಳು ಅವನ ಕೈಯ ಮೇಲೆ ಕೈಯಿಟ್ಟು ಒತ್ತಿಸಿದಳು. ಕುಷ್ಟಗಿ, ಕನಕಗಿರಿ, ಎಲ್ಲೆಲ್ಲಿಯದೋ ಸಂಘದವರು ನಕ್ಕರು. ಕೆಟ್ಟ ನಗೆಯಲ್ಲ, ಹೊತ್ತು ಹೋಗದವರ ನಗೆ. ಅವನೂ ಅವರ ಜೊತೆ ನಕ್ಕ. ಬಸ್ಸಿನಲ್ಲಿ ವಾಪಸು ಬರುವಾಗ ಆ ಕೈಯನ್ನು ಎಷ್ಟೋ ಹೊತ್ತು ಜೇಬಿನಲ್ಲೇ ಇಟ್ಟುಕೊಂಡಿದ್ದ.

ಬೇಡ ಎನ್ನಲು ಕಾರಣಗಳಿಗೆ ಬರವಿರಲಿಲ್ಲ. ಬಿತ್ತನೆಯ ಹಂಗಾಮಿನಲ್ಲಿ ಹೊಸ ಎತ್ತು ಕಟ್ಟಬಾರದು, ಮಂದಿಗೆ ಫೋನು ನೋಡಲು ಬರುವುದಿಲ್ಲ, ಹಳೆಯದು ಇನ್ನೂ ನಡೆಯುತ್ತಿದೆ. ಊಟದ ಡಬ್ಬಿ ತೆರೆದು ಕೂತ ಮಾಂತೇಶ ರೊಟ್ಟಿ ಮುರಿಯುತ್ತ ಒಂದೊಂದನ್ನೇ ತೂಗಿ ನೋಡಿದ. ಎಲ್ಲವೂ ನಿಜವಾಗಿದ್ದವು. ನಿಜವಾಗಿದ್ದೂ ಅವು ತನ್ನ ಕಾರಣಗಳಲ್ಲ, ತಾನು ಬಾಡಿಗೆಗೆ ತಂದುಕೊಂಡವು ಎಂದು ಯಾಕೆ ಅನ್ನಿಸುತ್ತಿದೆ? ಕುಂಟ ಹನುಮಪ್ಪನ ಮಗ ಮೆಸೇಜನ್ನು ಅಪ್ಪನಿಗೆ ಓದಿ ಹೇಳುವುದನ್ನು ಊಹಿಸಿಕೊಂಡ. ಮುಜುಗರವಾಯಿತು, ಆದರೆ ಆ ಮುಜುಗರ ಹನುಮಪ್ಪನ ಮೇಲಿನ ಕರುಣೆಯಿಂದಲೋ, ಯಾರು ಬರೆದವರು ಎಂಬ ಪ್ರಶ್ನೆ ಬರುತ್ತದೆಂಬ ಭಯದಿಂದಲೋ ತಿಳಿಯಲಿಲ್ಲ. ಕುಷ್ಟಗಿಯ ಸಾಲೆಯಲ್ಲಿ ಅವನ ತರಗತಿಗೆ ಮೂವರು ಮಾಂತೇಶರು. ಅವ್ವ ಕಸಬರಿಗಿ ಹಿಡಿದು ಸಂತೆ ಬಯಲು ಕಸ ಹೊಡೆಯುತ್ತಿದ್ದಳು. ಸಂತೆಯ ಮರುದಿನ ಸಾಲೆಗೆ ಹೋಗುವ ದಾರಿಯಲ್ಲಿ ಅವಳು ಬಗ್ಗಿದ್ದು ಕಾಣುತ್ತಿತ್ತು, ಇವನು ಆಚೆ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದ. ಮಾಸ್ತರರು ಹಾಜರಿ ಕೂಗುವಾಗ ದೊಡ್ಡ ಮಾಂತೇಶ, ಸಣ್ಣ ಮಾಂತೇಶ, ಕಸಬರಿಗಿ ಮಾಂತೇಶ. ಒಳ್ಳೆಯ ಮಾಸ್ತರರು. ಹೊಡೆದವರಲ್ಲ, ಪರೀಕ್ಷೆಯ ದಿನ ತಮ್ಮ ಪೆನ್ನು ಕೊಟ್ಟವರು. ಅವರಿಗೆ ಹಾಜರಿ ಸರಿಯಾಗಬೇಕಿತ್ತು, ಅಷ್ಟೇ. ಇವನು ಉಳಿದಿಬ್ಬರಿಗಿಂತ ಜೋರಾಗಿ ಹಾಜರ್ ಸರ್ ಅನ್ನುತ್ತಿದ್ದ, ಜೋರಾಗಿ ಅಂದರೆ ಆ ಹಿಂದಿನ ಶಬ್ದ ಮುಳುಗುತ್ತದೆ ಅಂತ. ಚಟ್ನಿ ಖಾರವಾಗಿತ್ತು. ಅವನು ನೀರು ಕುಡಿದು ಡಬ್ಬಿ ಮುಚ್ಚಿದ.

ಮಧ್ಯಾಹ್ನ ಶ್ವೇತಾಳ ಫೋನು ಬಂತು. ಇವತ್ತು ಬೇಕು ಅನ್ನದಿದ್ದರೆ ತಿಂಗಳಿಡೀ ಎಳೆದುಕೊಂಡದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಮೊದಲಿಂದ ಆಗಬೇಕು ಎಂದು ನೆನಪಿಸಿದಳು. ಮಾಂತೇಶ ಕರೆಯುವ ಹೆಸರಿನ ಖಾನೆಯ ಮಾತೆತ್ತಿದ, ಸುತ್ತಿ ಬಳಸಿ. ಅವಳು ಬೇಗ ಹಿಡಿದಳು. "ಹಂಗಾರ ಎರಡ ದಾರಿ ಅದಾವ್ರಿ ಅಂಕಲ್. ಇದ್ದದ್ದು ಇದ್ದಂಗ ಬರಲಿ ಅಂದ್ರ ಬಂದ್ಬಿಡತೈತಿ, ಮೆಸೇಜೂ ಹಂಗ ಹೋಗ್ತಾವು. ಇಲ್ಲಾ, ಆ ಖಾನಿ ಪೂರಾ ಅಳಿಸಿ ಚಾಲೂ ಮಾಡ್ರಿ. ಅಳಸಿದ್ರ ಯಾರ್ ಯಾರು ಅನ್ನೂದು ನೀವ ಒಬ್ಬೊಬ್ಬರ್ನ ಕೇಳಿ ತುಂಬ್ಬೇಕಾಗತೈತಿ." ಒಬ್ಬೊಬ್ಬರನ್ನೇ ಕೇಳುವುದೆಂದರೆ ಏನು ಕೇಳುವುದು? ನಿಮ್ಮನ್ನು ಏನಂತ ಕರೆಯೋಣ ಅಂತಲೆ? ಇಷ್ಟು ದಿನ ಏನಂತ ಕರೀತಿದ್ರಿ ಎಂದು ಅವರು ತಿರುಗಿ ಕೇಳಿದರೆ? ಅವಳು ಇನ್ನೊಂದು ಹೇಳಿದಳು: ಹೊಸದರಲ್ಲಿ ಬೀಜ ಕೊಡುವಾಗ ಸದಸ್ಯರ ಫೋನಿಗೇ ಒಂದು ನಂಬರು ಹೋಗುತ್ತದೆ, ಆ ನಂಬರು ಹೇಳಿದವರಿಗಷ್ಟೇ ಪಾಕೀಟು, ಒಬ್ಬರ ಬೀಜ ಇನ್ನೊಬ್ಬರು ಒಯ್ಯುವ ರಗಳೆಯೇ ಇಲ್ಲ. "ನಮ್ಮಲ್ಲಿ ಅಂಥಾ ರಗಳಿ ಏನಿಲ್ಲಮ್ಮ" ಎಂದು ಮಾಂತೇಶ ಫೋನಿಟ್ಟ. ಇಟ್ಟ ಮೇಲೆ ರೇಣುಕಾ ತನ್ನನ್ನು ನೋಡುತ್ತಿದ್ದಾಳೆಯೇ ಎಂದು ನೋಡಿದ. ಅವಳು ಉಗುರು ನೋಡಿಕೊಳ್ಳುತ್ತಿದ್ದಳು.

ಬಿಸಿಲು ಕಟ್ಟೆಯಿಂದ ಇಳಿಯುವ ಹೊತ್ತಿಗೆ ದುರಗಮ್ಮ ಬಂದಳು. ಮಾಂತೇಶ ಅವಳನ್ನು ಎದುರಿಗೆ ನೋಡಿದ್ದು ಕಡಿಮೆ. ಮೊದಲ ಗಳಿಗೆಗೆ ಯಾರೆಂದು ಹೊಳೆಯಲಿಲ್ಲ, ಹೊಳೆದಾಗ ಮೊದಲು ಬಂದದ್ದು ಖಾನೆಯೊಳಗಿನ ಶಬ್ದ, ಅದರ ಬೆನ್ನಿಗೆ ಹೆಸರು. ಸಣ್ಣ ಮೈಯ, ಗಟ್ಟಿ ದವಡೆಯ ಹೆಂಗಸು. ಸೀರೆಯ ಅಂಚಿಗೆ ಎರಿ ಮಣ್ಣು ಒಣಗಿತ್ತು. ಕೌಂಟರಿನ ಮೇಲೆ ಒಂದು ಕೈ ಊರಿ, "ನನ್ನ ಬೀಜ ಕೊಡ್ರಿ ಸಾಹೇಬ್ರ. ಈ ವರ್ಷ ನಾನ ಬಿತ್ತಾಕಿ. ಕೂರಿಗಿ ಹೇಳಿ ಬಂದೀನಿ, ನಾಳೆ ಮುಂಜಾನಿ ಬರ್ತಾರ" ಅಂದಳು. ಮಾಂತೇಶನಿಗೆ ಕುರ್ಚಿ ಒಮ್ಮೆಲೇ ಇಕ್ಕಟ್ಟಾಯಿತು.

"ಸ್ಟಾಕ್ ಮುಗದೈತಿ" ಅಂದ.

"ಸ್ಟಾಕ್ ಮುಗೀಲಿ ಬಿಡ್ರಿ. ನಂದೇನಾತು?"

"ನಿಂದು ಹನುಮಣ್ಣ ಒಯ್ದಾನ."

"ಯಾರ್ ಕೊಟ್ರು?"

ಇದಕ್ಕೆ ಎಷ್ಟೋ ಉತ್ತರಗಳಿದ್ದವು. ಸಂಘ ಕೊಟ್ಟಿತು, ಪ್ರತಿವರ್ಷ ಕೊಡುವ ಹಾಗೆ ಕೊಟ್ಟಿತು, ಕಂಪ್ಯೂಟರಿನಲ್ಲಿ ಹಚ್ಚಿ ಕೊಟ್ಟಿತು. "ನಾನ ಕೊಟ್ಟೆ" ಅಂದ. ಅಂದದ್ದು ಪ್ರಾಮಾಣಿಕತೆಯಿಂದಲ್ಲ, ಬಾಯಿಗೆ ಸುಳ್ಳು ತಡವಾಯಿತು, ಅಷ್ಟೇ.

ದುರಗಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದ. ಕೂಗಾಡಿದರೆ ತಾನೂ ದನಿ ಎತ್ತಬಹುದು, ನಿಯಮ ಹೇಳಬಹುದು, ಆಮೇಲೆ ನೀರು ಕೊಟ್ಟು ಸಮಾಧಾನ ಮಾಡಬಹುದು. ಅವಳು ಬಾಗಿಲ ಹೊಸ್ತಿಲ ಮೇಲೆ ಹೋಗಿ ಕೂತಳು. ಬೆನ್ನು ಚೌಕಟ್ಟಿಗೆ ಕೊಟ್ಟು, ಕಾಲು ಇತ್ತ ಚಾಚಿ, ಬಾಗಿಲು ಮುಚ್ಚಲಾಗದಂತೆ. "ಹೋದ ವರ್ಷ ನನ್ನ ಬೀಜ ತನ್ನ ಹೊಲಕ್ಕ ಹಾಕ್ಕೊಂಡು, ಸುಗ್ಗ್ಯಾಗ ಎರಡು ಬುಟ್ಟಿ ತಂದು ಭಿಕ್ಷಾ ಹಾಕಿದಂಗ ಹಾಕಿ ಹೋದ. ನನ್ನ ಹೊಲದಾಗ ಕರಿಕಿ ಹುಲ್ಲು ಬೆಳೀತು. ಈ ವರ್ಷಾನೂ ಬೀಳು ಬಿಟ್ರ ನಾಳೆ ಪಂಚರ ಮುಂದ ಏನಂತಾನ ಗೊತ್ತೈತೇನ್ರಿ? ಆಕಿ ಕೈಲೆ ಆಗಂಗಿಲ್ಲ, ಹೊಲ ನಮಗ ಬಿಡಸ್ರಿ ಅಂತಾನ. ಹುಲಿಗೆಮ್ಮನ ಆಣಿ, ಬೀಜ ತರಸ್ರಿ. ಬರೂತನ ನಾ ಇಲ್ಲಿಂದ ಏಳಂಗಿಲ್ಲ."

ಮಾಂತೇಶ ಹನುಮಣ್ಣನಿಗೆ ಫೋನು ಹಚ್ಚಿದ. ಮಾಂತೇಶನ ಫೋನಿನ ದನಿ ಕೋಣೆಯ ತುಂಬ ಕೇಳುವಂಥದು. ಕಡಿಮೆ ಮಾಡುವುದು ಎಲ್ಲಿ ಎಂದು ಅವನಿಗೆ ಇವತ್ತಿನವರೆಗೂ ಗೊತ್ತಾಗಿರಲಿಲ್ಲ. ಆಚೆ ಎತ್ತಿನ ಗಂಟೆ, ಯಾರೋ ಗದರಿಸುವುದು, ಆಮೇಲೆ ಹನುಮಣ್ಣನ ತುಂಬು ದನಿ. "ಹೇಳ್ರಿ ಸಾಹೇಬ್ರ, ಚಾ ಆತೇನ್ರಿ?"

"ಹನುಮಣ್ಣ, ಆ ಬೀಜ ವಾಪಸ್ ತಂದ್ಕೊಡಬೇಕಾಗೈತಿ. ದುರಗಮ್ಮಂದು."

"ಯಾವ ದುರಗಮ್ಮ?"

ಎಂಥ ಸಣ್ಣ ಪ್ರಶ್ನೆ. ಇಡೀ ತಾಲೂಕಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ಮಾಂತೇಶನ ನಾಲಿಗೆ ತನ್ನಷ್ಟಕ್ಕೆ ತಾನೇ ಆ ಶಬ್ದದ ಹತ್ತಿರ ಹೋಗಿ, ಹಲ್ಲಿಗೆ ತಾಗಿ ನಿಂತಿತು. ಹೊಸ್ತಿಲ ಮೇಲಿನ ಹೆಂಗಸು ತನ್ನ ಕಾಲ ಬೆರಳಿನ ಮಣ್ಣು ತಿಕ್ಕುತ್ತಿದ್ದಳು. ಅವಳನ್ನು ಇನ್ನೇನಂತ ಹೇಳುವುದು? ಊರು ಹೇಳಿದರೆ ಆ ಊರಲ್ಲೇ ಮೂರು ನಾಲ್ಕು ಮಂದಿ. ತಂದೆಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳ ಬೀಜ ಕೊಟ್ಟಿದ್ದ, ಅವಳ ಬಗ್ಗೆ ಗೊತ್ತಿದ್ದದ್ದು ಆ ಒಂದು ಶಬ್ದ. "ನಿನ್ನ ತಮ್ಮನ ಹೆಂಡ್ತಿ..." ಅಂದುಬಿಟ್ಟ.

"ನಾ ಯಾರ್ ಹೆಂಡ್ತೀನೂ ಅಲ್ಲ" ಎಂದಳು ದುರಗಮ್ಮ, ಮಣ್ಣು ತಿಕ್ಕುವುದು ಬಿಡದೆ.

"ಓಹೋ, ಗಂಡಬಿಟ್ಟಾಕಿ ಬಂದಾಳೇನ್ರಿ ಅಲ್ಲಿ?" ಫೋನು ಗಹಗಹಿಸಿತು. "ಹಂಗಂತ ಮೊದಲ ಹೇಳಬಾರದೇನ್ರಿ. ಕುಂದ್ರಲಿ ಬಿಡ್ರಿ, ಬಿಸಲಿಳದ ಮ್ಯಾಲೆ ಎದ್ದ ಹೋಗ್ತಾಳ."

ಮಾಂತೇಶ ಫೋನು ಕಟ್ ಮಾಡಿದ. ನಾಚಿಕೆಯಾಯಿತು, ಮತ್ತು ಅದರ ಜೊತೆಗೇ ಅವಳ ಮೇಲೆ ಸಿಟ್ಟು: ಇವತ್ತೇ ಬರಬೇಕಿತ್ತೆ? ಬೆಳಿಗ್ಗೆ ಬಂದು ಪಾಳಿಯಲ್ಲಿ ನಿಲ್ಲಲು ಏನಾಗಿತ್ತು? ಅದನ್ನೇ ಕೇಳಿಯೂಬಿಟ್ಟ.

"ಬಂದಿದ್ದೆನ್ರಿ" ಅಂದಳು. "ಹೊರಗ ಕಿಡಕಿ ಬುಡಕ ನಿಂತಿದ್ದೆ. ನೀವು ಒಳಗಿನಾಕಿಗೆ ಕೂಗಿ ಹೇಳಿದ್ರಲ್ಲ, ಇಂಥಾಕೀದು ಹಚ್ಚು ಅಂತ. ಪಾಳ್ಯಾಗ ಇದ್ದಾವ್ರೆಲ್ಲ ತಿರುಗಿ ನನ್ನ ನೋಡಿದ್ರು. ಅದಕ್ಕ ಮನಿಗೆ ಹೋದೆ. ಮನ್ಯಾಗ ಕುಂತೆ. ಬ್ಯಾಡ ಬ್ಯಾಡ ಅಂತ ಕುಂತು ಕಡೀಕ ಎದ್ದು ಬಂದೆ." ಅವಳು ಇದನ್ನು ದೂರಿನಂತೆ ಹೇಳಲಿಲ್ಲ, ಬಸ್ಸು ತಪ್ಪಿದ ಸಂಗತಿ ಹೇಳುವಂತೆ ಹೇಳಿದಳು. ಮಾಂತೇಶ ಕಿಟಕಿಯ ಕಡೆ ನೋಡಿದ. ಅದಕ್ಕೆ ಬಾಗಿಲಿರಲಿಲ್ಲ, ಸರಳುಗಳಿದ್ದವು. ಸದಾ ತೆರೆದೇ ಇರುವ ಕಿಟಕಿ. ರಸೀದಿಯ ಮೇಲೆ ಅಚ್ಚಾಗುವುದಿಲ್ಲ ಎಂಬ ಧೈರ್ಯದಲ್ಲಿ ಅವನು ವರ್ಷಗಟ್ಟಲೆ ಆ ಕಿಟಕಿಯ ಎದುರಿಗೇ ಕೂತು ಕುಂಟನನ್ನೂ ಬಾಂಬೆಯನ್ನೂ ಎರಡನೇ ಸಂಬಂಧದವನನ್ನೂ ಗಂಟಲು ಬಿಚ್ಚಿ ಕೂಗಿದ್ದ.

ರೇಣುಕಾ ಒಳಕೋಣೆಯ ಬಾಗಿಲಿಗೆ ಬಂದು ನಿಂತಳು. "ಸರ, ಹೊತ್ತಾತು. ಬೇಕು ಅನ್ಲ್ಯೋ ಬ್ಯಾಡ ಅನ್ಲ್ಯೋ? ಬೇಕು ಅಂದ್ರ ಆ ಖಾನಿ ಏನ್ ಮಾಡ್ಲಿ?"

ಬೇಡ ಅನ್ನುವುದು ಇನ್ನೂ ಸುಲಭವಾಗಿಯೇ ಇತ್ತು. ಅಂದರೆ ನಾಳೆಯಿಂದ ಎಲ್ಲ ಮೊದಲಿನ ಹಾಗೆ; ದನಿ ಸ್ವಲ್ಪ ಸಣ್ಣದು ಮಾಡಿಕೊಂಡರಾಯಿತು. ಅವನು ಎದ್ದು ಹೊಸ್ತಿಲವರೆಗೆ ಹೋದ. ಅವಳಿಗೆ ಏನಂತ ಕರೆಯಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು, "ಯಕ್ಕಾ" ಅಂದ. ಅವಳು ತಲೆ ಎತ್ತಿದಳು. "ಇನ್ನ ಮ್ಯಾಲೆ ನಿನ್ನ ಬೀಜ ನಿನ್ನ ಬಿಟ್ಟು ಯಾರಿಗೂ ಹೋಗದಂಗ ಮಾಡಾಕ ಬರತೈತಿ. ಹೊಸಾದ್ ಬಂದೈತಿ. ನಿನ್ನ ನಂಬರ್ ಬರಸಿದ್ರ ನಿನ್ನ ಫೋನಿಗೇ ಮೆಸೇಜ್ ಬರತೈತಿ. ಆದ್ರ ದುರಗಮ್ಮ ಅಂತ ಭಾಳ ಮಂದಿ ಅದಾರ. ಗುರ್ತಕ್ಕ ನಿನ್ನ ಹೆಸರಿನ ಮುಂದ ಏನರ ಬರೀಬೇಕು. ಏನ್ ಬರೀಲಿ?"

"ಏನೂ ಬರೀಬ್ಯಾಡ್ರಿ" ಅಂದಳು.

"ಹಂಗಲ್ಲ, ಗುರ್ತು ಹೆಂಗ ಹತ್ತಬೇಕು..."

"ನನ್ನ ದುರಗಮ್ಮ ಅಂತ ಬರೀರಿ. ಗುರ್ತು ಬೇಕಾದ್ರ ಉಳದ ದುರಗಮ್ಮಗೋಳ ಮುಂದ ಬರಕೋರಿ."

ರೇಣುಕಾ ಕಿಸಕ್ಕನೆ ನಕ್ಕಳು. ಮಾಂತೇಶನಿಗೆ ನಗು ಬರಲಿಲ್ಲ. ಅವಳು ತಮಾಷೆ ಮಾಡುತ್ತಿದ್ದಾಳೆಯೇ ಎಂದು ಮುಖ ನೋಡಿದ, ಮಾಡುತ್ತಿರಲಿಲ್ಲ. ಹೊಲದ ಬದು ಎಲ್ಲಿ ಬರುತ್ತದೆಂದು ತೋರಿಸುವವಳ ಹಾಗೆ ಕೂತಿದ್ದಳು. ಇಷ್ಟೊಂದು ಸರಳವಾದದ್ದು ಒಂದು ಇರಬಹುದೆಂದು ಅವನಿಗೆ, ಅವನಿಗಾಗಲಿ ಹಾಜರಿ ಕೂಗುವ ಯಾರಿಗಾಗಲಿ, ಯಾಕೆ ಹೊಳೆದಿರಲಿಲ್ಲ?

"ಖಾನಿ ಪೂರಾ ಅಳಿಸು" ಅಂದ ರೇಣುಕಾಗೆ.

"ಪೂರಾ ರೀ? ನಾಳೆ ಮಂದಿ ಬಂದ್ರ..."

"ಬಂದಾವ್ರನ್ನ ನಾ ಕೇಳ್ತೀನಿ. ಅಳಿಸಿ ಬೇಕು ಅನ್ನು."

ಅವಳು ಒಳಗೆ ಹೋದಳು. ಮಾಂತೇಶ ಮತ್ತೆ ಫೋನು ಹಚ್ಚಿದ. ಈ ಸಲ ಹನುಮಣ್ಣ ತಡಮಾಡಿ ಎತ್ತಿದ.

"ದುರಗಮ್ಮನ ಬೀಜ ತಗೊಂಡ್ ಬಾ ಹನುಮಣ್ಣ. ಈಗ."

"ಯಾವ ದುರಗಮ್ಮ ಅಂತ ಹೇಳ್ರಿ ಅಂದ್ರ..." ಆಚೆ ನಗುವಿಗೆ ಬಾಯಿ ತೆರೆದಿತ್ತು. ಅವನ ಸುತ್ತ ಇನ್ನಷ್ಟು ಮಂದಿ ಇದ್ದಂತಿತ್ತು, ಅವರಿಗೆ ಕೇಳಿಸಲಿ ಎಂಬಂತೆ ಇನ್ನೊಮ್ಮೆ ಅಂದ: "ಯಾವ ದುರಗಮ್ಮರೀ?"

"ದುರಗಮ್ಮ" ಅಂದ ಮಾಂತೇಶ.

ಮಾಂತೇಶ ಇನ್ನೇನೂ ಸೇರಿಸಲಿಲ್ಲ, ಫೋನನ್ನು ಕಿವಿಯಿಂದ ಇಳಿಸಲೂ ಇಲ್ಲ. ಹೊಸ್ತಿಲ ಮೇಲೆ ಅವಳು ಕಾಲು ಹಿಂದಕ್ಕೆಳೆದುಕೊಂಡು ಎದ್ದು ನಿಂತಳು. ಆಚೆಯಿಂದ ಹನುಮಣ್ಣ, ಸುತ್ತಲಿನವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಆತ್ರಿ, ತರ್ತೀನಿ" ಅಂದ.